ಕಿಟಕಿಯಿಲ್ಲದ ಗೋಡೆಗೆ ಪರದೆ

ಹಡಗಿನಲ್ಲಿ ಮೂರು ದಿನ ಇದ್ದು ಬಂದೆ ಎಂದರೆ ನಮ್ಮ ಕಡೆಯ ಹೆಂಗಸರು ಮೊದಲು ಊಟದ ಬಗ್ಗೆ ಕೇಳುತ್ತಾರೆ, ಆಮೇಲೆ ವಾಂತಿಯಾಯಿತೇ ಎಂದು ಕೇಳುತ್ತಾರೆ. ಮಲಗುವ ಕೋಣೆ ಹೇಗಿತ್ತು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನನಗೆ ಹೇಳಲು ಇರುವುದು ಅದೊಂದೇ.

ನನ್ನ ಗಂಡನದು ಗೋಕಾಕದಲ್ಲಿ ಸಿಮೆಂಟ್, ಟೈಲ್ಸ್, ಪ್ಲೈವುಡ್ ಅಂಗಡಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಸಿಮೆಂಟ್ ಕಂಪನಿಗಳು ಹೆಚ್ಚು ಮಾರಿದ ಅಂಗಡಿಯವರನ್ನು ಹೆಂಡಂದಿರ ಸಮೇತ ಸಿಂಗಾಪುರಕ್ಕೆ ಕರೆದೊಯ್ದು ಹಡಗು ಹತ್ತಿಸುವುದು ರೂಢಿಯಾಗಿತ್ತು. ಒಂದು ಜನವರಿಯಲ್ಲಿ ನಮ್ಮ ಸರದಿ ಬಂತು. ಮಕ್ಕಳಿಬ್ಬರೂ ಬೆಳಗಾವಿಯಲ್ಲಿ ಹಾಸ್ಟೆಲಿನಲ್ಲಿದ್ದರು. ಹುಕ್ಕೇರಿಯ ಒಬ್ಬ ಅಂಗಡಿಯವರೂ ಅವರ ಹೆಂಡತಿಯೂ ನಮ್ಮ ಪಕ್ಕದ ಕೋಣೆಗೆ ಬಂದರು.

ಬಾಗಿಲು ತೆಗೆದರೆ ಒಬ್ಬರು ಅಡ್ಡ ತಿರುಗಿ ಹೋಗುವಷ್ಟು ಓಣಿ. ಎಡಕ್ಕೆ ಬಚ್ಚಲು, ಬಲಕ್ಕೆ ಬಟ್ಟೆಯ ಕಪಾಟು. ಓಣಿ ದಾಟಿದರೆ ಎರಡು ಮಂಚ, ಅವುಗಳ ನಡುವೆ ಮೊಣಕಾಲು ತೂರುವಷ್ಟು ಜಾಗ, ಗೋಡೆಗೆ ಅಂಟಿದ ಒಂದು ಮೇಜು, ಮೇಜಿನ ಮೇಲೆ ಗೋಡೆಯಗಲ ಕನ್ನಡಿ. ಕನ್ನಡಿಯನ್ನು ಏಕೆ ಅಷ್ಟು ದೊಡ್ಡದು ಮಾಡಿದ್ದಾರೆಂದು ನನಗೆ ಕೂಡಲೇ ತಿಳಿಯಿತು. ಅದರೊಳಗೆ ಇನ್ನೊಂದು ಕೋಣೆ ಇರುವಂತೆ ಕಾಣುತ್ತದೆ, ಆ ಕೋಣೆಯಲ್ಲೂ ನಾವಿಬ್ಬರೇ ಮೊಣಕಾಲು ಮಡಚಿ ಕೂತಿರುತ್ತೇವೆ. ಕಪಾಟಿನ ಹ್ಯಾಂಗರುಗಳಿಗೆ ಕೊಕ್ಕೆ ಇರಲಿಲ್ಲ, ಸರಳಿಗೇ ಬೆಸೆದಿದ್ದರು, ಯಾರೂ ಒಯ್ಯಬಾರದೆಂದು. ಗೋಡೆಯ ಚಿತ್ರಕ್ಕೂ ನಾಲ್ಕು ಮೂಲೆಗೆ ನಾಲ್ಕು ತಿರುಪು. ಸೂಟ್‌ಕೇಸು ಮಂಚದ ಕೆಳಗೆ ಸರಿಯಾಗಿ ಜಾರಿ ಕೂರುವಂತೆ ಮಂಚದ ಎತ್ತರ ಇಟ್ಟಿದ್ದರು. ಅದನ್ನು ಮೆಚ್ಚಬೇಕು. ಬಚ್ಚಲಿನ ಹೊಸ್ತಿಲು ಮಾತ್ರ ಒಂದು ಗೇಣು ಎತ್ತರ, ನೀರು ಕೋಣೆಗೆ ಬರಬಾರದೆಂದು. ಮೊದಲ ದಿನವೇ ನನ್ನ ಹೆಬ್ಬೆರಳಿನ ಉಗುರು ಕಿತ್ತು ಬಂತು. ಸ್ನಾನದ ಪರದೆ ಒದ್ದೆ ಮೈಗೆ ಅಂಟಿಕೊಳ್ಳುತ್ತಿತ್ತು, ಯಾರೋ ಅಪರಿಚಿತರು ಹಿಂದಿನಿಂದ ಮುಟ್ಟಿದಂತೆ.

ಮಂಚಗಳ ತಲೆದೆಸೆಯ ಗೋಡೆಗೆ ನೆಲದವರೆಗೆ ಇಳಿಬಿದ್ದ ದಪ್ಪ ಕೆನೆಬಣ್ಣದ ಪರದೆ ಇತ್ತು. ಎರಡು ಬದಿಗೆ ಗೊಂಡೆಯ ದಾರವೂ ಇತ್ತು. ಬೆಳಗ್ಗೆ ಎದ್ದು ಸರಿಸಿದೆ. ಹಿಂದೆ ಬಣ್ಣ ಬಳಿದ ಗೋಡೆ. ಗಂಡ ನೋಡುವ ಮೊದಲೇ ಮೆಲ್ಲಗೆ ಮುಚ್ಚಿದೆ. ಏನೋ ನನ್ನದೇ ತಪ್ಪಾದಂತೆ.

ಚಹಾದ ಹೊತ್ತಿಗೆ ಹುಕ್ಕೇರಿಯಾಕೆ ಹೇಳಿದರು: "ಅಕ್ಕಾರ, ಮುಂಜಾನೆದ್ದು ಸಮುದ್ರ ನೋಡೂಣು ಅಂತ ಪರದಿ ಸರಿಸಿದ್ನಿ. ಗ್ವಾಡಿ ಬಂತ. ನಮ್ಮವರನ್ನ ಎಬ್ಬಿಸಿ, ಏಳ್ರಿ, ಸಮುದ್ರ ಕಳವಾಗೈತಿ ಅಂದೆ."

"ಏನಂದ್ರು?"

"ಏನಂತಾರ. ಗ್ವಾಡಿ ಬಡದ ನೋಡಿದ್ರು, ಪ್ಲೈ ಬೇಷ ಐತಿ ಅಂದ್ರು."

ಮೇಲಿನ ಅಂತಸ್ತಿನಲ್ಲಿ ಹೆಚ್ಚು ಕೊಟ್ಟವರಿಗೆ ದುಂಡಗಿನ ಕಿಟಕಿ ಇತ್ತು. ನಾವು ಹೋಗಿ ನೋಡಿದೆವು. ಉಪ್ಪು ಹತ್ತಿ ಮಬ್ಬಾದ ಗಾಜು, ಆಚೆಗೆ ಬರೀ ನೀರು. ಆದರೂ ಆ ಕೋಣೆಯ ಹೆಂಗಸಿಗೆ ಬೆಳಗಾದದ್ದು ಗೊತ್ತಾಗುತ್ತಿತ್ತು. ನಮ್ಮಲ್ಲಿ ದೀಪ ಆರಿಸಿದರೆ ಕೈ ಕಣ್ಣ ಮುಂದೆ ಹಿಡಿದರೂ ಕಾಣದು. ಎರಡನೆಯ ದಿನ ನಾನು ಎದ್ದು ಹಲ್ಲುಜ್ಜಿ, ತಲೆ ಬಾಚಿ, ಸೀರೆ ಉಟ್ಟು ಕೂತೆ. ಗಡಿಯಾರ ನೋಡಿದರೆ ಮೂರು ಗಂಟೆ. ಬೆಳಗಿನದೋ ಮಧ್ಯಾಹ್ನದದೋ ಎಂದು ತಿಳಿಯಲು ಹೊರಗಿನ ಓಣಿಯವರೆಗೆ ಹೋಗಬೇಕಾಯಿತು. ಅಲ್ಲಿಯೂ ದೀಪಗಳೇ ಇದ್ದವು. ಕೊನೆಗೆ ಹೊಟ್ಟೆಯನ್ನು ಕೇಳಿದೆ. ಹಸಿವಿಲ್ಲ ಎಂದಿತು, ಹಾಗಾದರೆ ಬೆಳಗಿನ ಜಾವ ಎಂದುಕೊಂಡು ಉಟ್ಟ ಸೀರೆಯಲ್ಲೇ ಮತ್ತೆ ಮಲಗಿದೆ.

ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಕಿಟಕಿಯಿಲ್ಲದ ಕೋಣೆ ಮನುಷ್ಯರಿಗೆ ಏನು ಮಾಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳುವ ಹಾಗಿಲ್ಲ.

ನನ್ನ ಗಂಡನಿಗೆ ಸಮುದ್ರ ಬೇಕಿರಲಿಲ್ಲ. ಅವರು ಅಂಗಡಿಯ ಸ್ಟೀಲ್ ಟೇಪನ್ನು ಸೂಟ್‌ಕೇಸಿನಲ್ಲಿ ತಂದಿದ್ದರು. ಕೊನೆಯ ದಿನ ಉಳಿದವರು ಈಜುಕೊಳದ ಬದಿಗೆ ಹೋದಾಗ ಅವರು ಮಂಚದ ಕೆಳಗೆ ಮಲಗಿ ಅಳತೆ ಹೇಳಿದರು, ನಾನು ಹಡಗಿನವರ ಕಾಗದದ ಮೇಲೆ ಬರೆದುಕೊಂಡೆ.

"ಬಚ್ಚಲಾ ಬರೀ ನಾಕ ಫೂಟ. ಏ, ನಾಕ ಫೂಟಿನ್ಯಾಗ ಸಂಡಾಸು, ಸ್ನಾನ, ಮಖಾ ತೊಳಿಯೂದು ಎಲ್ಲಾ. ನಮ್ಮ ಮಂದಿ ಜಾಗಾ ಎಷ್ಟ ಹಾಳ ಮಾಡತಾರ ನೋಡು. ಚಿತ್ರಾ ತಗಿ, ನಿನ್ನ ಕೈ ಚಲೋ ಐತಿ."

ನನ್ನ ಕೈ ಚೆನ್ನಾಗಿದ್ದದ್ದು ನಿಜ. ಬೆಳಗಾವಿಯ ಕಾನ್ವೆಂಟಿನಲ್ಲಿ ಚಿತ್ರಕಲೆಯ ಸಿಸ್ಟರು ಪೆನ್ಸಿಲನ್ನು ಸೂಜಿಯಂತೆ ಕೆತ್ತಿಸಿ, ಉಸಿರು ಹಿಡಿದು ಗೆರೆ ಎಳೆಯಬೇಕು ಎನ್ನುತ್ತಿದ್ದರು. ಉಸಿರು ಹಿಡಿದು ಎಳೆದೆ. ಬಾಗಿಲು, ಓಣಿ, ಬಚ್ಚಲು, ಮಂಚ, ಹೊಸ್ತಿಲಿನ ಗೇಣು ಎತ್ತರ ಕೂಡ. ಒಳ್ಳೆಯ ನಕ್ಷೆಯಾಯಿತು.

ನನ್ನ ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಹಿರಿಯರೆಂದರೆ ಗಂಡನ ಸೋದರತ್ತೆ. ಎಲ್ಲರೂ ಅವರನ್ನು ಆತ್ಯಾ ಎನ್ನುತ್ತಿದ್ದರು. ಕುಲಗೋಡಕ್ಕೆ ಕೊಟ್ಟ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು. ನನ್ನ ಗಂಡನನ್ನು ಎತ್ತಿ ಆಡಿಸಿ ಬೆಳೆಸಿದವರು. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ಎಲ್ಲರಿಗೂ ಗೊತ್ತು, ಆದರೆ ಅಂಗಡಿ ಇಟ್ಟವರ ಮನೆಗಳಲ್ಲಿ ಅದು ಪರ್ಯೂಷಣದ ದಿನಗಳಿಗೆ ಉಳಿದುಕೊಂಡಿದೆ. ಆತ್ಯಾ ವಿಧವೆಯಾದ ವರ್ಷ ಮುನಿಗಳ ಮುಂದೆ ಪ್ರತಿಜ್ಞೆ ಮಾಡಿದ್ದರು, ಹೊತ್ತು ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ ಎಂದು. ನಲವತ್ತು ವರ್ಷದ ಮೇಲಾಗಿತ್ತು, ಒಂದು ದಿನವೂ ತಪ್ಪಿರಲಿಲ್ಲ. ಅವರಿಗೆ ಮಕ್ಕಳಿಲ್ಲ, ಹೊಲವಿಲ್ಲ, ಮೈಮೇಲೆ ಬಂಗಾರವಿಲ್ಲ. ತಮ್ಮದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದು. ಸಾಯುವಾಗ ಅದನ್ನು ಮುಕ್ಕಾಗದಂತೆ ಒಯ್ಯಬೇಕು ಎನ್ನುತ್ತಿದ್ದರು, ಬೇರೆಯವರು ತವರಿಗೆ ಒಯ್ಯುವ ಗಂಟಿನ ಬಗ್ಗೆ ಮಾತಾಡುವಂತೆ.

ಒಂದು ಕಣ್ಣಿಗೆ ಪೊರೆಯ ಆಪರೇಷನ್ ಮಾಡಿಸಿದ್ದು ಸರಿಹೋಗಲಿಲ್ಲ. ಇನ್ನೊಂದನ್ನು ಮುಟ್ಟಗೊಡಲಿಲ್ಲ. ಬೆಳಕು ಯಾವುದು ಕತ್ತಲು ಯಾವುದು ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಕಿವಿಯೂ ಮಂದ. ಆದರೂ ಪಡಸಾಲೆಯ ಕಿಟಕಿಯ ಹತ್ತಿರ ಕೂತು ಮುಖದ ಮೇಲೆ ಬೀಳುವ ಬಿಸಿಲು ತೆಳುವಾಗುತ್ತಿದ್ದಂತೆ ಕೂಗುತ್ತಿದ್ದರು: "ತಂಗಿ, ಹೊತ್ತ ಇಳೀತು, ನೀಡ." ಚಳಿಗಾಲದಲ್ಲಿ ಐದಕ್ಕೇ ಅವರ ರೊಟ್ಟಿ ಬಡಿಯಬೇಕು, ಒಂಬತ್ತಕ್ಕೆ ಅಂಗಡಿ ಮುಚ್ಚಿ ಬರುವವರಿಗೆ ಮತ್ತೊಮ್ಮೆ ಹಿಟ್ಟು ನಾದಬೇಕು. ಹದಿನೆಂಟು ವರ್ಷ ನಾನು ದಿನಕ್ಕೆ ಮೂರು ಸಲ ಒಲೆ ಹಚ್ಚಿದವಳು.

ಸಿಂಗಾಪುರದಿಂದ ಬಂದ ಮೇಲೆ ಗಂಡ ಪಡಸಾಲೆಯನ್ನು ಟೈಲ್ಸ್ ತೋರಿಸುವ ಶೋರೂಮ್ ಮಾಡುವುದೆಂದು ನಿರ್ಧರಿಸಿದರು. ಆತ್ಯಾನನ್ನು ಎಲ್ಲಿಡುವುದು? ಅಡುಗೆಮನೆಗೂ ಗೋದಾಮಿಗೂ ನಡುವೆ ಕಟ್ಟಿಗೆ ಒಟ್ಟುತ್ತಿದ್ದ ಜಾಗವಿತ್ತು. ಗಂಡ ನನ್ನ ನಕ್ಷೆ ಹೊರಗೆ ತೆಗೆದರು.

ಗೋಡೆ ಕಟ್ಟಲು ಮೂಡಲಗಿಯಿಂದ ಬಂದ ಗೌಂಡಿ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಸಾವಕಾರ್ರ, ಖಿಡಕಿ ಎಲ್ಲಿ ಬಿಡ್ಲಿ?"

"ಹಡಗಿನ್ಯಾಗ ಖಿಡಕಿ ಇರಂಗಿಲ್ಲ."

"ಸಮುದ್ರದ ನೀರ ಒಳಗ ಬರತೈತಿ ಅಂತ ಬಿಟ್ಟಿಲ್ರಿ ಅವ್ರು. ಇಲ್ಲಿ ಯಾವ ನೀರ ಬರತೈತ್ರಿ?"

"ಬಾಜೂಕ ಗೋದಾಮ ಐತಿ. ಖಿಡಕಿ ಬಿಟ್ರ ಸಿಮೆಂಟಿನ ಧೂಳ ಬರತೈತಿ. ಚಿತ್ರದಾಗ ಇದ್ದಂಗ ಕಟ್ಟು."

"ಬಚ್ಚಲದ ಹೊಸ್ತಿಲಾ ಒಂದ ಗೇಣ ಐತ್ರೀ ಇಲ್ಲಿ. ಮುದುಕಿ ಎಡವತಾಳ."

"ನಿನಗ ಹೆಚ್ಚ ತಿಳದೈತೋ, ಹಡಗ ಕಟ್ಟಿದವ್ರಿಗೋ?"

ಗೌಂಡಿ ನನ್ನ ಕಡೆ ನೋಡಿದ. ಕಿತ್ತು ಹೋದ ನನ್ನ ಉಗುರು ಆಗಷ್ಟೇ ಅರ್ಧ ಬೆಳೆದಿತ್ತು. ಹೊಸ್ತಿಲಿನ ಬಗ್ಗೆ ನಾನು ಒಂದು ಮಾತು ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ. ಕಿಟಕಿ ಆಗದಿದ್ದರೆ ಪರದೆಯಾದರೂ ಹಾಕೋಣ ಎಂದೆ. ಆ ಹೊತ್ತಿಗೆ ಮರುಕದಿಂದಲೇ ಹೇಳಿದೆ. ಹಡಗಿನಲ್ಲಿ ಹಿಂದೆ ಗೋಡೆ ಎಂದು ಗೊತ್ತಿದ್ದೂ ಆ ಪರದೆಯ ಕಡೆ ಮುಖ ಮಾಡಿಯೇ ನಾನು ಮಲಗುತ್ತಿದ್ದೆ.

ಗಂಡನಿಗೆ ಆ ಮಾತು ಹಿಡಿಸಿತು, ಅದನ್ನು ಅವರು ಸುಧಾರಿಸಿದರು. ಗೋದಾಮಿನ ಗೋಡೆಯಲ್ಲಿ ಒಂದು ಗೂಡು ಬಿಡಿಸಿ, ಒಳಗೆ ಎರಡು ಟ್ಯೂಬ್‌ಲೈಟ್ ನಿಲ್ಲಿಸಿ, ಮುಂದೆ ಆಚೆಯದು ಕಾಣದಂಥ ಬಿಳಿಮಬ್ಬಿನ ಗಾಜು ಕೂರಿಸಿ, ಅದಕ್ಕೆ ಕಿಟಕಿಯ ಚೌಕಟ್ಟು ಹೊಡೆಸಿದರು. ಮೇಲೆ ಕೆನೆಬಣ್ಣದ ಪರದೆ. ಸ್ವಿಚ್ಚು ಹೊರಗೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ. ನೋಡಿದವರೆಲ್ಲ ಹೊಗಳಿದರು. ಮಸಗುಪ್ಪಿಯಿಂದ ಬಂದ ನೆಂಟರೊಬ್ಬರು ತಮ್ಮ ಹೊಸ ಮನೆಯ ದೇವರಕೋಣೆಗೂ ಹೀಗೇ ಮಾಡಿಸುತ್ತೇವೆ ಎಂದರು.

ಆತ್ಯಾ ಕೈಯಾಡಿಸಿ ಕೋಣೆಯನ್ನು ನೋಡಿದರು. ಮಂಚ, ಗೋಡೆ, ಬಚ್ಚಲು. ಹೊಸ್ತಿಲು ಎಡವಿ ನನ್ನ ಭುಜ ಹಿಡಿದರು. ಪರದೆ ಸರಿಸಿದಾಗ ಬೆಳಕಿನ ಕಡೆ ಮುಖ ತಿರುಗಿಸಿದರು.

"ಇದು ಎತ್ತ ಮಖಾ ಮಾಡೈತಿ?"

"ಪಡುವಣಕ, ಆತ್ಯಾ," ಎಂದರು ಗಂಡ. "ಹೊತ್ತ ಮುಳಗೂದು ನಿಮಗ ಬೇಷ ಗೊತ್ತಾಗತೈತಿ. ತಗಿಯಾಕ ಬರಂಗಿಲ್ಲ, ಆಚೆ ಗೋದಾಮಿನ ಧೂಳ ಐತಿ."

"ನನ್ನ ಸಲುವಾಗಿ ಇಷ್ಟ ಖರ್ಚ ಯಾಕ ಮಾಡಿದ್ಯೋ," ಎಂದು ಅವರು ಸಂತೋಷಪಟ್ಟರು.

ಮೊದಲ ವಾರಗಳಲ್ಲಿ ನಾನು ಪ್ರಾಮಾಣಿಕಳಾಗಿದ್ದೆ. ಗೋಡೆಯ ಪಂಚಾಂಗದಲ್ಲಿ ಸೂರ್ಯಾಸ್ತದ ಗಳಿಗೆ ನೋಡಿ ಅದಕ್ಕೆ ಹತ್ತು ನಿಮಿಷ ಮೊದಲು ಸ್ವಿಚ್ಚು ಆರಿಸುತ್ತಿದ್ದೆ. ಅಷ್ಟರಲ್ಲಿ ಅವರ ಊಟ ಮುಗಿದು ಬಾಯಿ ಮುಕ್ಕಳಿಸಿರುತ್ತಿದ್ದರು. ಕರೆಂಟು ಹೋದಾಗ ಮೋಡ ಎನ್ನುತ್ತಿದ್ದೆ. ಆ ವರ್ಷಗಳಲ್ಲಿ ಗೋಕಾಕದಲ್ಲಿ ಮೋಡಗಳು ಬಹಳ.

"ಫ್ಯಾನ್ ನಿಂತಾಗೆಲ್ಲ ಮೋಡಾ ಬರತೈತಲ್ಲ ತಂಗಿ," ಎಂದರು ಒಮ್ಮೆ.

"ಮೋಡಾ ಬಂತಂದ್ರ ಕರೆಂಟ ತಗೀತಾರ್ರಿ."

ಅದು ಅವರಿಗೆ ಒಪ್ಪಿಗೆಯಾಯಿತು.

ಹಡಗಿನ ಕೋಣೆಯ ಜಾಣತನ ಏನೆಂದು ಆ ದಿನಗಳಲ್ಲಿ ನನಗೆ ಅರ್ಥವಾಯಿತು. ಮನುಷ್ಯ ಹೊರಗೆ ಬರಲು ಇರುವ ಕಾರಣಗಳನ್ನೆಲ್ಲ ಅದು ಒಳಗೇ ತಂದಿಡುತ್ತದೆ. ಪಡಸಾಲೆಯಲ್ಲಿದ್ದಾಗ ಆತ್ಯಾ ಬಚ್ಚಲಿಗೆಂದು ಹಿತ್ತಲಿಗೆ ಹೋಗುತ್ತಿದ್ದರು, ದಾರಿಯಲ್ಲಿ ನನ್ನ ಅಡುಗೆಯ ವಾಸನೆ ನೋಡಿ ಒಂದು ಮಾತು ಚುಚ್ಚುತ್ತಿದ್ದರು, ಬೀದಿಯವರ ಜೊತೆ ಹರಟುತ್ತಿದ್ದರು. ಈಗ ಬಚ್ಚಲು ಮಂಚದಿಂದ ಮೂರು ಹೆಜ್ಜೆ. ಎರಡು ಸಲ ಹೊಸ್ತಿಲು ಎಡವಿ ಮೊಣಕಾಲು ಊದಿದ ಮೇಲೆ ಆ ಮೂರು ಹೆಜ್ಜೆ ಬಿಟ್ಟು ಬೇರೆ ನಡಿಗೆಯೇ ಇಲ್ಲ. ಹಡಗಿನವರು ಮೂರು ದಿನಕ್ಕೆಂದು ಮಾಡಿದ ಏರ್ಪಾಡು ಅದು. ನಾವು ಅದನ್ನು ಅವರ ಉಳಿದ ಆಯುಷ್ಯಕ್ಕೆ ಹಾಕಿಕೊಟ್ಟಿದ್ದೆವು.

ಏಪ್ರಿಲ್ಲಿನಲ್ಲಿ ಒಂದು ಸಂಜೆ ಕಂಪನಿಯವರು ಮನೆಗೆ ಚಹಾಕ್ಕೆ ಬಂದು ಎದ್ದೇಳಲಿಲ್ಲ. ನನಗೆ ಅಡುಗೆ ಮಾಡಲು ಆಗಲಿಲ್ಲ. ಸೂರ್ಯಾಸ್ತದ ಗಳಿಗೆ ಬಂತು. ಸ್ವಿಚ್ಚಿನ ಹತ್ತಿರ ಹೋದೆ, ಅವರಿನ್ನೂ ಉಂಡಿಲ್ಲ ಎಂಬುದು ನೆನಪಾಯಿತು, ಆರಿಸದೆ ಬಂದೆ. ಏಳೂವರೆಗೆ ತಟ್ಟೆ ಒಯ್ದೆ.

"ಹೊತ್ತ ಐತಿಲ್ಲೋ?"

"ಐತ್ರಿ."

ಅವರು ಕೈಮುಗಿದು ಉಂಡರು. ನಾನು ಬಾಗಿಲಲ್ಲಿ ನಿಂತಿದ್ದೆ. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದ ದಿನ ಕಿವಿ ಬಿಸಿಯಾಗುತ್ತಿತ್ತು, ಅದಕ್ಕಾಗಿ ಕಾದೆ. ಏನೂ ಆಗಲಿಲ್ಲ. ಎಂಟಕ್ಕೆ ಸ್ವಿಚ್ಚು ಆರಿಸಿದೆ. "ಮುಳಗಿತು," ಎಂದು ಒಳಗಿಂದ ಅವರು ತಮಗೆ ತಾವೇ ಹೇಳಿಕೊಂಡು ಣಮೋಕಾರ ಮಂತ್ರ ಶುರುಮಾಡಿದರು.

ಎರಡನೆಯ ಸಲಕ್ಕೆ ಅತಿಥಿಗಳ ನೆವವೂ ಬೇಕಾಗಲಿಲ್ಲ. ಮಧ್ಯಾಹ್ನ ಮಲಗಿ ತಡವಾಗಿ ಎದ್ದಿದ್ದೆ, ಅಷ್ಟೇ. ಆಮೇಲೆ ಸಂಜೆಯ ಎರಡು ಅಡುಗೆ ಒಂದಾಯಿತು. ಎಂಟರ ಸುಮಾರಿಗೆ ಒಮ್ಮೆ ರೊಟ್ಟಿ ಬಡಿದರೆ ಅವರಿಗೂ ಆಯಿತು, ಅಂಗಡಿಯಿಂದ ಬರುವವರಿಗೂ ಆಯಿತು. ಗಂಡನಿಗೆ ಗೊತ್ತಿತ್ತು. "ಆಕಿಗೆ ಗೊತ್ತಾಗದಿದ್ರ ಪಾಪ ಆಕಿಗೆ ಹತ್ತಂಗಿಲ್ಲ ಬಿಡು," ಎಂದರು. ಯಾರಿಗೆ ಹತ್ತುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಎರಡು ತಿಂಗಳು ನನ್ನ ಮದುವೆಯ ಅತ್ಯಂತ ನೆಮ್ಮದಿಯ ತಿಂಗಳುಗಳು. ಮಧ್ಯಾಹ್ನ ಕಾಲು ಚಾಚಿ ವಾರಪತ್ರಿಕೆ ಓದಿದೆ. ಮೈ ಸ್ವಲ್ಪ ತುಂಬಿಕೊಂಡಿದೆ ಎಂದು ತವರಿನವರು ಹೇಳಿದರು.

ಇನ್ನೊಂದು ದಿನದ ಮಾತನ್ನು ಯಾರಿಗೂ ಹೇಳಿಲ್ಲ. ಮಧ್ಯಾಹ್ನ ಬೇಳೆಗೆ ಉಪ್ಪು ಹೆಚ್ಚಾಗಿತ್ತು. ಆತ್ಯಾ ತಟ್ಟೆ ಸರಿಸಿ, ತಮ್ಮನ್ನು ನೋಡಲು ಬಂದಿದ್ದ ಇಬ್ಬರು ಹೆಂಗಸರ ಮುಂದೆ, "ಸಿಸ್ಟರ ಸಾಲ್ಯಾಗ ಕಲತಾಕಿ. ಇಂಗ್ಲೀಷ ಬರತೈತಿ, ಬ್ಯಾಳಿ ಬರಂಗಿಲ್ಲ," ಎಂದರು. ಹೆಂಗಸರು ಬಾಯಿಗೆ ಸೆರಗು ಹಚ್ಚಿ ನಕ್ಕರು. ನಾನೂ ನಕ್ಕೆ. ಅವರು ಹೋದ ಮೇಲೆ, ನಾಲ್ಕೂವರೆಗೆ, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿರುವಾಗ, ಸ್ವಿಚ್ಚು ಆರಿಸಿದೆ.

ಒಳಗಿಂದ ಆತ್ಯಾ, "ತಂಗಿ, ಇವತ್ತ ಹೊತ್ತ ಲಗೂನ ಮುಳಗಿತಲ್ಲ," ಎಂದರು.

"ಹೌದ್ರಿ."

"ನಾ ಉಂಡಿಲ್ಲ."

"ನಾ ಅಡಗಿ ಮಾಡಾಕತ್ತಿದ್ನಿರಿ. ನೀವ ಕೂಗಲೇ ಇಲ್ಲ."

"ನಂದ ತಪ್ಪ," ಎಂದರು. ನೀರಿನ ತಂಬಿಗೆ ಕೈಗೆಟುಕುವಲ್ಲೇ ಇತ್ತು. ಅದನ್ನು ದೂರ ಸರಿಸಿದ ಸದ್ದು ಕೇಳಿತು, ಆಮೇಲೆ ಮಂಚ ಕಿರುಗುಟ್ಟಿದ್ದು ಕೇಳಿತು. ಮೇ ತಿಂಗಳ ಸೆಕೆ. ಮರುದಿನ ಬೆಳಗ್ಗೆ ಆರೂವರೆಗೆ ನಾನು ಸೂರ್ಯನನ್ನು ಹಚ್ಚುವವರೆಗೆ ಅವರು ತುಟಿ ಒದ್ದೆ ಮಾಡಲಿಲ್ಲ.

ಜೂನಿನ ಮೊದಲ ಮಳೆ ಒಂದು ಮಧ್ಯಾಹ್ನ ಜೋರಾಗಿ ಹೊಡೆದು ಸಂಜೆಗೆ ನಿಂತಿತು. ಮಣ್ಣಿನಿಂದ ಮಳೆಹುಳುಗಳು ಎದ್ದವು. ಪೇಟೆಯವರಿಗೆ ಇದು ಗೊತ್ತು, ಆ ಸಂಜೆ ಮನೆಗಳಲ್ಲಿ ದೀಪ ಆರಿಸಿ ಕೂರುತ್ತಾರೆ. ನಾನೂ ಅಡುಗೆಮನೆಯ ದೀಪ ಆರಿಸಿ ಒಲೆಯ ಬೆಳಕಿನಲ್ಲೇ ಕೆಲಸ ಮಾಡಿದೆ. ಆತ್ಯಾನ ಕಿಟಕಿ ಮಾತ್ರ ಉರಿಯುತ್ತಿತ್ತು. ಅದು ದೀಪ ಎಂಬುದು ಆ ಹೊತ್ತಿಗೆ ನನ್ನ ತಲೆಯಿಂದಲೇ ಹೋಗಿತ್ತೋ ಏನೋ. ಏಳು ಮುಕ್ಕಾಲಿಗೆ ಅನ್ನ, ಸಾರು, ಹೀರೇಕಾಯಿ ಪಲ್ಯ ಒಯ್ದು ಕೊಟ್ಟೆ. ಇಡೀ ಮನೆಯಲ್ಲಿ ಬೆಳಕಿದ್ದದ್ದು ಅಲ್ಲೊಂದೇ ಕಡೆ. ನನ್ನ ಹಿಂದೆಯೇ ಹುಳುಗಳೂ ಬಂದವು.

ನಾನು ಮಜ್ಜಿಗೆ ತರಲು ಹೋಗಿ ಬರುವಷ್ಟರಲ್ಲಿ ಗಾಜಿನ ತುಂಬ ಹುಳುಗಳು ಹರಿದಾಡುತ್ತಿದ್ದವು. ಕೆಲವು ಚೌಕಟ್ಟಿನ ಸಂದಿಯಿಂದ ಒಳಹೊಕ್ಕು ಟ್ಯೂಬಿಗೆ ಬಡಿದು ಬೀಳುತ್ತಿದ್ದವು. ಆತ್ಯಾನ ತಲೆಯ ಮೇಲೆ, ಮಡಿಲಲ್ಲಿ, ತಟ್ಟೆಯಲ್ಲಿ ರೆಕ್ಕೆಗಳು. ಅವರ ಕೈ ಅನ್ನದ ಮೇಲೆ ನಿಂತಿತ್ತು. ಬೆರಳ ತುದಿಯಿಂದ ಒಂದು ರೆಕ್ಕೆಯನ್ನು ಎತ್ತಿ, ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಬಾಯಲ್ಲಿ ತುತ್ತಿತ್ತು. ಅಗಿಯುತ್ತಿರಲಿಲ್ಲ.

ಅಂಗೈಗೆ ತುತ್ತು ಉಗುಳಿ ತಟ್ಟೆಯ ಬದಿಗೆ ಇಟ್ಟರು. "ಮಳಿಹುಳಾ," ಎಂದರು.

ನಾನು ಮಜ್ಜಿಗೆಯ ಬಟ್ಟಲನ್ನು ಮಂಚದ ಮೇಲೆ ಇಟ್ಟೆ.

"ಹಗಲಿನ್ಯಾಗ ಮಳಿಹುಳಾ ಖಿಡಕಿಗೆ ಬರ್ತಾವೇನ, ತಂಗಿ?"

ಹೊತ್ತು ಮುಳುಗಿದ ಮೇಲೆ ದೀಪಕ್ಕೆ ಹುಳು ಬರುತ್ತವೆ, ಅವು ಅನ್ನದಲ್ಲಿ ಬಿದ್ದು ಸಾಯುತ್ತವೆ, ಆದ್ದರಿಂದ ಉಣ್ಣಬಾರದು. ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ ಅದು. ಅವರಿಗೆ ನಾನು ಏನು ವಿವರಿಸಲಿ? ಅವರು ಎದ್ದು ಗೋಡೆ ಹಿಡಿದು ಬಂದು ಅಂಗೈಯನ್ನು ಗಾಜಿನ ಮೇಲೆ ಇಟ್ಟರು. ಕೈ ಕೆಳಗೆ ಸಿಕ್ಕ ಹುಳು ಒಂದೆರಡು ಅರೆದುಹೋದವು. ಅದು ತಿಳಿದು ಕೈ ತೆಗೆದುಬಿಟ್ಟರು.

ಮಳೆಯೆಂದು ಅಂಗಡಿ ಬೇಗ ಮುಚ್ಚಿ ಆಗಷ್ಟೇ ಬಂದ ಗಂಡ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ಆತ್ಯಾ, ಅದು ನಿಮಗ ಬೆಳಕಿರಲಿ ಅಂತ—"

"ನಿನ್ನ ಕೇಳಿಲ್ಲಪ್ಪಾ. ಆಕಿನ್ನ ಕೇಳಾಕತ್ತೇನಿ." ಮುಖ ನನ್ನ ಕಡೆ ತಿರುಗಿಸಿದರು. "ಎಷ್ಟ ದಿನಾ ಆತು?"

"ಇವತ್ತಷ್ಟರೀ," ಎಂದೆ. "ದಿನಾ ಹೊತ್ತಿಗೆ ಸರಿಯಾಗಿ ಆರಸ್ತಿದ್ನಿ. ಇವತ್ತ ಮಳ್ಯಾಗ ಮರತ್ನಿ."

ಕಾಣದ ಕಣ್ಣು ಎದುರಿಗಿದ್ದರೂ ನಾನು ತಲೆ ತಗ್ಗಿಸಿದೆ. ಅವರು, "ಸಿಸ್ಟರ ಸಾಲ್ಯಾಗ ಬ್ಯಾಳಿ ಮಾಡಾಕ ಕಲಸಂಗಿಲ್ಲ, ಸುಳ್ಳ ಹೇಳಾಕೂ ಕಲಸಂಗಿಲ್ಲ," ಎಂದರು. ತಮಗೆ ತಾವೇ ಸಮಾಧಾನ ಹೇಳಿಕೊಂಡಂತೆ ಇತ್ತು.

ಜುಲೈಯಲ್ಲಿ ಹುಕ್ಕೇರಿಯ ಹತ್ತಿರದ ಒಂದು ಹಳ್ಳಿಯ ಬಸದಿಯಲ್ಲಿ ಮುನಿಗಳು ಚಾತುರ್ಮಾಸಕ್ಕೆ ನಿಂತರು. ಆತ್ಯಾ ಹಟ ಹಿಡಿದು ಹೊರಟರು. ಜೀಪಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದರು. ಮುನಿಗಳ ಮುಂದೆ ಕೂತು, ವ್ರತ ಹಿಡಿದ ವರ್ಷ, ಹಿಡಿಸಿದವರು, ತಪ್ಪಿದ ಸಂಜೆ, ಎಲ್ಲ ಹೇಳಿದರು. ಹುಳು ಸತ್ತದ್ದನ್ನೂ ಹೇಳಿದರು.

"ಒಂದೇ ದಿನವೇ?" ಎಂದರು ಮುನಿಗಳು.

ಆತ್ಯಾ ನನ್ನ ಕಡೆ ತಿರುಗಿದರು. ಅವರಿಗೆ ಗೊತ್ತಿಲ್ಲದ ಲೆಕ್ಕ ಅದು, ನನ್ನ ಬಾಯಿಂದ ಬರಬೇಕಿತ್ತು.

"ಒಂದ ದಿನಾ ರೀ," ಎಂದೆ.

ಒಂದು ಉಪವಾಸ, ಇಷ್ಟು ಜಪ ಎಂದು ಪ್ರಾಯಶ್ಚಿತ್ತ ಹೇಳಿದರು. ಬರುವಾಗ ಆತ್ಯಾ ಜೀಪಿನಲ್ಲಿ ನಿದ್ದೆ ಹೋದರು. ತಲೆ ನನ್ನ ಭುಜದ ಮೇಲಿತ್ತು.

ಕಿಟಕಿಯ ದೀಪವನ್ನು ಆತ್ಯಾ ಮೊದಲೇ ತೆಗೆಸಿದ್ದರು. ನಿಜವಾದ ಕಿಟಕಿ, ಕೈ ತೂರುವಷ್ಟಾದರೂ, ಒಡೆಸಿಕೊಡು ಎಂದು ಅವರು ಗಂಡನನ್ನು ಒಂದೇ ಒಂದು ಸಲ ಕೇಳಿದರು. ಗೋಡೆಯಾಚೆ ಸೂರಿನವರೆಗೆ ಸಿಮೆಂಟ್ ಚೀಲ ಒಟ್ಟಿತ್ತು, ಮಳೆಗಾಲದಲ್ಲಿ ಅದನ್ನು ಎಲ್ಲಿಗೆ ಸಾಗಿಸುವುದು? ಆದ್ದರಿಂದ ಅವರೇ ತಮ್ಮ ಏರ್ಪಾಡು ಮಾಡಿಕೊಂಡರು. ದಿನಕ್ಕೆ ಒಂದೇ ಊಟ, ಮಧ್ಯಾಹ್ನ. ಅನ್ನವೂ ನೀರೂ ಆ ಒಂದೇ ಹೊತ್ತಿಗೆ. ಅದಕ್ಕೆ ಮೊದಲು ನಾನು ಅವರನ್ನು ಕೈಹಿಡಿದು ಅಡುಗೆಮನೆ ದಾಟಿಸಿ ಹಿತ್ತಲ ಬಾಗಿಲಿಗೆ ಒಯ್ಯಬೇಕು. ಸೆರಗು ಸರಿಸಿ ಬೋಳು ತಲೆಯನ್ನು ಹೊರಗೆ ಚಾಚುತ್ತಿದ್ದರು. ನೆತ್ತಿಗೆ ಬಿಸಿಲು ತಾಗಿದರೆ ಊಟ. ಬರೀ ಬೆಳಕನ್ನು ಅವರು ಇನ್ನು ನಂಬುತ್ತಿರಲಿಲ್ಲ.

"ನಿನ್ನ ಮ್ಯಾಲ ನಂಬಿಕಿ ಇಲ್ಲಂತಲ್ಲ ತಂಗಿ," ಎನ್ನುತ್ತಿದ್ದರು, "ನೀ ಮತ್ತ ಮರತಿ ಅಂದ್ರ?"

ಹುಕ್ಕೇರಿಯಿಂದ ಬಂದ ಮರುವಾರ ಮೋಡ ಮುಚ್ಚಿತು. ಈ ಸಲ ನಿಜವಾದ ಮೋಡ. ಘಟಪ್ರಭೆ ತುಂಬಿ ಹರಿಯುತ್ತಿತ್ತು, ಧುಪದಾಳದಲ್ಲಿ ನೀರು ನೋಡಲು ಜನ ಹೋಗುತ್ತಿದ್ದರು. ಮೊದಲ ದಿನ ಆತ್ಯಾ ಬಾಗಿಲಲ್ಲಿ ಅರ್ಧ ಗಂಟೆ ನಿಂತು ತಿರುಗಿ ಹೋದರು. ಹನ್ನೆರಡೂವರೆ ಆಗಿದೆ, ಹಗಲೇ ಇದು, ಉಣ್ಣಿರಿ ಎಂದು ನಾನು ಬೇಡಿಕೊಂಡೆ. ಗಡಿಯಾರವನ್ನು ಕೈಗೆ ಕೊಟ್ಟೆ. ಅದನ್ನು ಕಿವಿಗೆ ಹಿಡಿದು, "ಇದನ್ನ ಯಾರರೆ ತಿರುವಬಹುದು," ಎಂದು ವಾಪಸು ಕೊಟ್ಟರು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಬಾಗಿಲವರೆಗೆ ಬರುವಾಗ ಎರಡು ಕಡೆ ಕೂತರು. ತುಟಿ ಬಿರಿದು ಬಿಳಿಯಾಗಿತ್ತು. ಆ ಮೂರು ದಿನ ನಾನು ಅವರಿಗೆ ಹೇಳಿದ್ದೆಲ್ಲ ನಿಜ. ಒಂದನ್ನೂ ಅವರು ನಂಬಲಿಲ್ಲ.

ಗಂಡನಿಗೆ ಹೆದರಿಕೆ ಹತ್ತಿತು. "ಕುಲಗೋಡದ ಆಕಿ ಗಂಡನ ಮನಿಯವ್ರು ಬಂದ್ರ ಏನಂತಾರ? ಉಪವಾಸ ಕೆಡವಿ ಕೊಂದ್ರು ಅಂತಾರ." ಶೋರೂಮಿನಲ್ಲಿ ಟೈಲ್ಸ್ ಮಿಂಚಲೆಂದು ಹಾಕಿದ್ದ ಫೋಕಸ್ ಲೈಟನ್ನು ಬಿಚ್ಚಿ ತಂದರು. ಹತ್ತಿರ ಹಿಡಿದರೆ ಮೈ ಸುಡುವಂಥದ್ದು. ಹಿತ್ತಲ ಬಾಗಿಲ ಮೇಲಿನ ತಗಡಿನ ಕೆಳಗೆ ಸ್ಟೂಲ್ ಹಾಕಿ ನಿಂತು, ತಂತಿಯನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ, ನನ್ನ ಕಡೆ ನೋಡಿದರು.

ನಾನು ಹೋಗಿ ಆತ್ಯಾನನ್ನು ಮತ್ತೆ ಕೈಹಿಡಿದು ಕರೆತಂದೆ. ಹೊರಗೆ ಮಳೆ ಜಿನುಗುತ್ತಿತ್ತು, ಅವರ ಕಿವಿಗೆ ಅದು ಕೇಳುವಷ್ಟು ಜೋರಿರಲಿಲ್ಲ. ಬಾಗಿಲಲ್ಲಿ ನಿಂತು ಸೆರಗು ಸರಿಸಿದರು. ಗಂಡ ದೀಪವನ್ನು ಒಂದು ಮೊಳ ಎತ್ತರದಲ್ಲಿ ಹಿಡಿದರು. ಸ್ಟೂಲ್ ಅಲುಗಾಡುತ್ತಿತ್ತು, ಬೆಳಕು ಅವರ ಬೋಳು ನೆತ್ತಿಯ ಮೇಲೆ ಅತ್ತಿತ್ತ ಓಡಾಡಿತು. ಅಲ್ಲಿನ ಬಿಳಿ ಕೂದಲ ಮೊಳಕೆಗಳು ಒಂದೊಂದಾಗಿ ಕಂಡವು.

"ಬಂತ," ಎಂದರು ಆತ್ಯಾ.

ಎರಡೂ ಕೈಯೆತ್ತಿ ಮುಗಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, ಬೆಚ್ಚಗಾದ ನೆತ್ತಿಯನ್ನು ಒಮ್ಮೆ ಸವರಿಕೊಂಡು, ನನ್ನ ತೋಳು ಹಿಡಿದು ಒಳಗೆ ಬಂದು ಕೂತರು. ನಾನು ನೀಡಿದೆ. ಮೊದಲು ನೀರು ಕುಡಿದರು, ಆಮೇಲೆ ಎರಡು ರೊಟ್ಟಿ, ಬೇಳೆ, ಒಂದು ಬಟ್ಟಲು ಮಜ್ಜಿಗೆ ಅನ್ನ. ಬೇಳೆ ಚೆನ್ನಾಗಿದೆ ಎಂದರು.

ಹಿಂದಿನಿಂದ ಗಂಡ ತಂತಿ ಸುತ್ತಿಕೊಳ್ಳುತ್ತ ಬಾಗಿಲಲ್ಲಿ ಇಣುಕಿ, ದನಿ ತಗ್ಗಿಸಿ ಕೇಳಿದರು: "ನಾಳೆನೂ ಬೇಕಾಗತೈತೇನ? ಶೋರೂಮಿಗೆ ಒಯ್ಯಲೋ?"

ನಾನು ಅವರ ಹಿಂದಿನ ಆಕಾಶ ನೋಡಿದೆ.

"ಇಲ್ಲೇ ಇಡ್ರಿ," ಎಂದೆ.